ಕಪ್ಪುಕುಳಿಯ ತುತ್ತಿಗೆ ಕಾಂತದ ತಡೆ

ಫ್ರಿಜ್ ಬಾಗಿಲಿಗೆ ಅಂಟಿಸುವ ಪುಟ್ಟ ಅಯಸ್ಕಾಂತದಷ್ಟೂ ಬಲವಿಲ್ಲದ ಕಾಂತಕ್ಷೇತ್ರವೊಂದು, 650 ಕೋಟಿ ಸೂರ್ಯರ ತೂಕದ ಕಪ್ಪುಕುಳಿಯ ಬಾಯಿಗೆ ಬೀಳುವ ತುತ್ತನ್ನು ಹಿಡಿದು ಜಗ್ಗುತ್ತಿದೆ. ಜಾಗ, 5.5 ಕೋಟಿ ಜ್ಯೋತಿರ್ವರ್ಷ ದೂರದ ಎಂ 87 ಗೆಲಾಕ್ಸಿಯ ನಡುಮಧ್ಯ. ಇದನ್ನು ನಮಗೆ ಹೇಳಿದ್ದು ಅಲ್ಲಿಂದ ಹೊರಟ ಧ್ರುವೀಕೃತ ಬೆಳಕು.

2019ರಲ್ಲಿ ಬಂದ ಈ ಕಪ್ಪುಕುಳಿಯ ಕಿತ್ತಳೆ ಬಳೆಯ ಚಿತ್ರ ಎಲ್ಲರಿಗೂ ನೆನಪಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 2021ರ ಮಾರ್ಚ್‌ನಲ್ಲಿ ಇವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ ಹೊರತಂದ ಅದೇ ಬಳೆಯ ಇನ್ನೊಂದು ಚಿತ್ರ. ಬಳೆಯ ಮೇಲೆ ಬಾಚಣಿಗೆಯಿಂದ ಎಳೆದಂಥ ಸಣ್ಣ ಗೆರೆಗಳು ಸುಳಿಯಾಗಿ ಹರಿದಿದ್ದವು.

ಸೂರ್ಯನ ಬೆಳಕಿನ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ಒಂದೇ ದಿಕ್ಕಿಗೆ ಕಂಪಿಸಿದರೆ ಅದು ಧ್ರುವೀಕೃತ ಬೆಳಕು. ಕೆರೆ ನೀರಿನ ಕಣ್ಣು ಕೋರೈಸುವ ಹೊಳಪನ್ನು ಪೋಲರಾಯ್ಡ್ ಕನ್ನಡಕ ತಡೆಯುವುದು ಆ ಹೊಳಪು ಇಂಥದ್ದಾದ್ದರಿಂದ. ಕಪ್ಪುಕುಳಿಯ ಅಂಚಿನಲ್ಲಿ ನಡೆಯುವುದು ಬೇರೆ. ಬೀಳುವ ಅನಿಲ ಎಷ್ಟು ಕಾಯುತ್ತದೆಂದರೆ ಬಿಡಿಯಾದ ಇಲೆಕ್ಟ್ರಾನುಗಳು ಬೆಳಕಿನ ವೇಗದ ಸಮೀಪಕ್ಕೆ ಓಡುತ್ತವೆ. ಕಾಂತರೇಖೆಗಳನ್ನು ಬಳ್ಳಿಯಂತೆ ಸುತ್ತುತ್ತ ಅವು ಸೂಸುವ ವಿಕಿರಣ, ರೇಖೆಗೆ ಅಡ್ಡಲಾಗಿ ಕಂಪಿಸುತ್ತದೆ. ಕಂಪನದ ದಿಕ್ಕು ಓದಿದರೆ, ಕಣ್ಣಿಗೆ ಕಾಣದ ಕಾಂತಕ್ಷೇತ್ರದ ಜಾಡು ಸಿಕ್ಕಂತೆ.

ಓದುವುದೇನೂ ಸುಲಭವಲ್ಲ. ಚಿಲಿ, ಹವಾಯಿ, ಅರಿಜೋನ, ಮೆಕ್ಸಿಕೊ, ಸ್ಪೇನ್‌ಗಳಲ್ಲಿದ್ದ ಈ ತಂಡದ ದೂರದರ್ಶಕಗಳು 2017ರ ಏಪ್ರಿಲ್‌ನಲ್ಲಿ 1.3 ಮಿಲಿಮೀಟರ್ ಅಲೆಯುದ್ದದಲ್ಲಿ ಒಟ್ಟಾಗಿ ನೋಡಿದವು. ಪ್ರತಿ ಆಂಟೆನಾವೂ ಒಂದು ಬಗೆಯ ಧ್ರುವೀಕರಣವನ್ನು ಇನ್ನೊಂದರೊಳಗೆ ತುಸು ಸೋರಿಸುತ್ತದೆ. ಆ ಸೋರಿಕೆಯನ್ನು ಒಂದೊಂದಾಗಿ ಅಳೆದು ಕಳೆಯಬೇಕು. ಆ ತಾಳ್ಮೆಗೆ ನನ್ನ ನಮಸ್ಕಾರ.

ಸಿಕ್ಕ ಲೆಕ್ಕ: ಕಾಂತಕ್ಷೇತ್ರದ ಬಲ 1ರಿಂದ 30 ಗಾಸ್. ಬೀಳುವ ಅನಿಲವನ್ನು ತಡೆಯಲು ಇಷ್ಟು ಸಾಕೇ? ಸಾಕು, ಏಕೆಂದರೆ ಅಲ್ಲಿನ ಅನಿಲ ಬಲು ತೆಳು. ತಡೆಯನ್ನು ದಾಟಿ ನುಸುಳಿದ್ದಷ್ಟೇ ಒಳಕ್ಕೆ. ಅಂಥ ದೈತ್ಯನ ಹೊಟ್ಟೆಗೆ ವರ್ಷಕ್ಕೆ ಬೀಳುವುದು, ಹೆಚ್ಚೆಂದರೆ ಸೂರ್ಯನ ಐನೂರರಲ್ಲಿ ಒಂದು ಪಾಲು. 1918ರಲ್ಲಿ ಹೀಬರ್ ಕರ್ಟಿಸ್ ಎಂ 87ರಿಂದ ಹೊರಟ ನೇರ ಕಿರಣವೊಂದನ್ನು ಗುರುತಿಸಿದ್ದರು. ಸಾವಿರಾರು ಜ್ಯೋತಿರ್ವರ್ಷ ಚಾಚಿದ ಆ ಚಿಲುಮೆಯನ್ನು ಚಿಮ್ಮಿಸುವುದೂ ಇದೇ ಕಾಂತಕ್ಷೇತ್ರವೆಂದು ಖಗೋಳವಿಜ್ಞಾನಿಗಳು ಭಾವಿಸುತ್ತಾರೆ.

ನಮ್ಮ ಕ್ಷೀರಪಥದ ನಡುವಿನ ಕಪ್ಪುಕುಳಿ ಇದರೆದುರು ಕೂಸು: 40 ಲಕ್ಷ ಸೂರ್ಯರಷ್ಟು. 2024ರ ಮಾರ್ಚ್‌ನಲ್ಲಿ ಅದರ ಧ್ರುವೀಕೃತ ಚಿತ್ರ ಬಂದಾಗ ಅಲ್ಲೂ ಅಂಥದ್ದೇ ಸುಳಿ. ಸಾವಿರ ಪಟ್ಟಿಗೂ ಮೀರಿದ ವ್ಯತ್ಯಾಸವಿರುವ ಎರಡರ ಅಂಚಿನಲ್ಲಿ ಒಂದೇ ಬಗೆಯ ನೇಯ್ಗೆ!

ಆದರೆ ನೇಯ್ಗೆ ಸ್ಥಿರವಲ್ಲ. 2017, 2018, 2021ರಲ್ಲಿ ಎಂ 87ನ್ನು ನೋಡಿದ ದತ್ತಾಂಶಗಳನ್ನು ಪಕ್ಕಪಕ್ಕ ಇಟ್ಟ ಫಲಿತಾಂಶ 2025ರಲ್ಲಿ ಬಂತು. ಬಳೆಯ ಗಾತ್ರ ಹಾಗೇ ಇದೆ. ಸುಳಿಯ ಗೆರೆಗಳು ಮಾತ್ರ 2018ಕ್ಕೆ ತಟಸ್ಥವಾಗಿ, 2021ರ ಹೊತ್ತಿಗೆ ವಿರುದ್ಧ ದಿಕ್ಕಿಗೆ ಹೊರಳಿದ್ದವು.