ಸವಕಳಿ ಮೊಣಕಾಲಿನದೋ, ಸೈಕಲ್ಲಿನದೋ?

ವಾಣಿಜ್ಯಶಾಸ್ತ್ರ ಓದಿದವರಿಗೆ ‘ಸವಕಳಿ’ ಎಂಬ ಪದ ಚಿರಪರಿಚಿತ. ಯಂತ್ರೋಪಕರಣಗಳ ಮೌಲ್ಯದಲ್ಲಿ ವರ್ಷಂಪ್ರತಿ ಇಷ್ಟೆಂದು ಕಳೆದು ಲೆಕ್ಕ ಮುಗಿಸಿಬಿಡುತ್ತೇವೆ. ಯಾವ ಭಾಗ, ಯಾವ ಕಾರಣದಿಂದ ಸವೆಯಿತೆಂದು ಬಗ್ಗಿ ನೋಡುವ ಪ್ರಸಂಗ ಬರುವುದು ಅಪರೂಪ. ಅಂಥದೊಂದು ಪ್ರಸಂಗ ನನಗೆ ಒದಗಿದ್ದು ಮೊಣಕಾಲಿನ ನೋವಿನ ಮೂಲಕ.

ರಕ್ತದಲ್ಲಿ ಸಕ್ಕರೆಯ ಅಂಶ ಎಲ್ಲೆಯನ್ನು ಸಮೀಪಿಸಿದೆಯೆಂದು ವೈದ್ಯರು ಎಚ್ಚರಿಸಿದಾಗ, ಸೋದರಮಾವನವರು 1980ರ ದಶಕದಲ್ಲಿ ಓಡಿಸುತ್ತಿದ್ದ ಹತ್ತು ಗೇರಿನ ಉಕ್ಕಿನ ರೇಸಿಂಗ್ ಸೈಕಲ್ಲನ್ನು ಅಟ್ಟದಿಂದ ಇಳಿಸಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಪುಣೆಯ ಮುಂಜಾವಿನ ತಂಪಿನಲ್ಲಿ ಈ ಲೆಕ್ಕ ಸುಲಭವಾಗಿಯೇ ತುಂಬುತ್ತಿತ್ತು. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ, ಕಾತ್ರಜ ಘಾಟಿನ ಏರು ಹತ್ತುವಾಗ ಮಂಡಿಚಿಪ್ಪಿನ ಸುತ್ತ ನೋವು ಕಾಣಿಸಿತು. ಪರೀಕ್ಷಿಸಿದ ವೈದ್ಯರು ಕೀಲಿನಲ್ಲಿ ದೋಷವಿಲ್ಲವೆಂದರು. ವಯಸ್ಸಿಗೆ ಇದು ಸಹಜವೆಂದು ನಾನೇ ತೀರ್ಮಾನಿಸಿ, ಸೈಕಲ್ಲನ್ನು ಮರಳಿ ಅಟ್ಟಕ್ಕೇರಿಸುವ ಯೋಚನೆಯಲ್ಲಿದ್ದೆ.

ಅಷ್ಟರಲ್ಲಿ ಪಂಕ್ಚರ್ ಹಾಕಿಸಲು ಹೋದಾಗ, ಬಡಾವಣೆಯ ವೃದ್ಧ ಮೇಸ್ತ್ರಿ ಪೆಡಲು ತಿರುಗಿಸಿ ನೋಡಿ, “ಸಾಹೇಬ್, ಚೈನು ಚಿಕ್ಕ ಚಕ್ರಕ್ಕೆ ಬೀಳುವುದೇ ಇಲ್ಲವಲ್ಲ! ಇಷ್ಟು ದಿನ ದೊಡ್ಡದರಲ್ಲೇ ಏರು ಹತ್ತಿದಿರಾ?” ಎಂದು ಕೇಳಿದರು.

ನನ್ನ ಸೈಕಲ್ಲಿನ ಪೆಡಲಿನ ಬಳಿ 52 ಮತ್ತು 42 ಹಲ್ಲುಗಳ ಎರಡು ಚಕ್ರಗಳಿವೆ. ಹಿಂದಿನ ಗೇರು ಅದೇ ಇದ್ದಾಗ, ಏರಿನಲ್ಲಿ ದೊಡ್ಡ ಚಕ್ರವನ್ನು ತುಳಿಯಲು ಸುಮಾರು ಕಾಲುಭಾಗದಷ್ಟು ಹೆಚ್ಚು ಬಲ ಬೇಕು. ಆ ಭಾರವನ್ನು ಹೊರುವುದು ಮೊಣಕಾಲು. ದೊಡ್ಡ ಚಕ್ರಕ್ಕೆ ಚೈನನ್ನು ಏರಿಸುವಾಗ ತಂತಿಯನ್ನು ಎಳೆಯುವುದು ನಮ್ಮ ಕೈ. ಚಿಕ್ಕದಕ್ಕೆ ಇಳಿಸುವುದು ಸ್ಪ್ರಿಂಗ್ ಮಾತ್ರ. ಪೆಡಲಿನ ಅಚ್ಚು ಹಾಯುವ ಕೊಳವೆಯ ಅಡಿಯಲ್ಲಿ, ತಂತಿಗೆ ದಾರಿ ತೋರುವ ಪ್ಲಾಸ್ಟಿಕ್ ತುಂಡೊಂದಿದೆ. ಇದಕ್ಕೆ ಕೇಬಲ್ ಗೈಡ್ ಎಂದು ಹೆಸರು. ಧೂಳು, ಕೆಸರು ಬೆರೆತು ಉಜ್ಜಿದ ತಂತಿ ಅದನ್ನು ಗರಗಸದಂತೆ ಕೊರೆದು, ಆ ಗಾಡಿಯಲ್ಲಿ ತಾನೇ ಸಿಕ್ಕಿಕೊಂಡಿತ್ತು. ಕೈಯ ಬಲಕ್ಕೆ ಮಣಿಯುತ್ತಿದ್ದ ತಂತಿ ಸ್ಪ್ರಿಂಗಿನ ಬಲಕ್ಕೆ ಮಣಿಯುತ್ತಿರಲಿಲ್ಲ.

ದುರಸ್ತಿಯನ್ನು ಅವರ ಮಾರ್ಗದರ್ಶನದಲ್ಲಿ ನಾನೇ ಮಾಡಿದೆ. ಗೇರಿನ ಸನ್ನೆಗಳನ್ನು ಸಡಿಲಿಸಿ, ತಂತಿಗಳ ತುದಿಯ ಬೋಲ್ಟುಗಳನ್ನು ಬಿಚ್ಚಿ, ತಂತಿಗಳನ್ನು ಹೊರಗೆಳೆಯಬೇಕು. ಬಳಿಕ ಗೈಡಿನ ಒಂದೇ ತಿರುಪನ್ನು ತೆಗೆದರೆ ಅದು ಕಳಚಿ ಬರುತ್ತದೆ. ಕೆಸರನ್ನು ಒರೆಸಿ, ಹೊಸದನ್ನು ಕೂರಿಸಿ, ಹಳೆಯ ಅಳತೆಯ ತಿರುಪನ್ನೇ ಹಾಕಬೇಕು. ತಿರುಪು ಉದ್ದವಾದರೆ ಒಳಗಿನ ಅಚ್ಚಿಗೆ ತಾಗುವ ಅಪಾಯವುಂಟು. ಎಳೆ ಬಿಟ್ಟ ಹಳೆಯ ತಂತಿ ಹೊಸ ಗೈಡನ್ನೂ ಕೊರೆಯುವುದರಿಂದ 1.2 ಮಿಲಿಮೀಟರಿನ ಹೊಸ ಗೇರು ತಂತಿಗಳನ್ನು ಹಾಕುವುದು ಲೇಸು. ಗಾಡಿಗೆ ತುಸು ಗ್ರೀಸು ಸವರಿ, ತಂತಿಯನ್ನು ಬಿಗಿದು, ಹಿಂಚಕ್ರವನ್ನು ಎತ್ತಿ ಹಿಡಿದು ಪರೀಕ್ಷಿಸಬೇಕು. ಇನ್ನೂ ಹಳೆಯ ಸೈಕಲ್ಲುಗಳಲ್ಲಿ ಗೈಡು ಚೌಕಟ್ಟಿಗೆ ಬಿಗಿದ ಲೋಹದ ಪಟ್ಟಿಯಾಗಿರುವುದುಂಟು. ಅಂಥದನ್ನು ಕೊಳ್ಳುವ ಮುನ್ನ ಕೊಳವೆಯ ವ್ಯಾಸ ಅಳೆಯಬೇಕು. ಇಂಗ್ಲಿಷ್ ಅಳತೆಯ ಉಕ್ಕಿನ ಚೌಕಟ್ಟುಗಳಲ್ಲಿ ಕೆಳಗಿನ ಓರೆಕೊಳವೆ ಸಾಮಾನ್ಯವಾಗಿ 28.6 ಮಿಲಿಮೀಟರ್ ಇರುತ್ತದೆ. ಇದೇ ಸಂದರ್ಭದಲ್ಲಿ ಮೇಲಿನ ಕೊಳವೆಯ ಮೇಲೆ ಬ್ರೇಕಿನ ಕೇಬಲ್ಲನ್ನು ಹಿಡಿದಿರುವ ಕೊಂಡಿಗಳನ್ನೂ ನೋಡಬೇಕು. ಅಲ್ಲಿನ ತುಕ್ಕನ್ನು ಅಲಕ್ಷಿಸಿದರೆ ಘಾಟಿನ ಇಳುಕಲಿನಲ್ಲಿ ಪ್ರಾಣಕ್ಕೇ ಅಪಾಯ.

ಬಿಡಿಭಾಗಗಳಿಗಾದ ಖರ್ಚು ಕುಟುಂಬಸಮೇತ ಒಮ್ಮೆ ಉಪಾಹಾರ ಸೇವಿಸುವ ಖರ್ಚಿಗಿಂತ ಕಡಿಮೆ. ಚೈನು ಈಗ ಬೆರಳ ಸನ್ನೆಗೇ ಚಿಕ್ಕ ಚಕ್ರಕ್ಕೆ ಇಳಿಯುತ್ತದೆ. ಮೂರು ವಾರಗಳಲ್ಲಿ ಮಂಡಿಯ ನೋವು ಇಳಿಯಿತು. ಮುಂದಿನ ರಕ್ತಪರೀಕ್ಷೆಯಲ್ಲಿ ಸಕ್ಕರೆಯೂ ಎಲ್ಲೆಯೊಳಗೇ ಇತ್ತು.

ನೋವು ಬಂದಾಗ ವೈದ್ಯರನ್ನು ಕಾಣುವುದು ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. ಕೀಲು ಸರಿಯಿದೆಯೆಂದು ಅವರು ಹೇಳಿದ ಬಳಿಕ ವಯಸ್ಸನ್ನು ದೂರುವ ಮೊದಲು, ಸೈಕಲ್ಲನ್ನೊಮ್ಮೆ ತಲೆಕೆಳಗು ಮಾಡಿ ನೋಡಬೇಕೆಂದು ವಾಚಕ ಮಿತ್ರರಲ್ಲಿ ನನ್ನ ಅರಿಕೆ.