ಇರುಳಿನ ಎಚ್ಚರ ಯಾರ ಹೊಣೆ?

ತತ್ತ್ವಜ್ಞಾನಿಗಳು ನಿದ್ದೆಯನ್ನು ಅಷ್ಟಾಗಿ ಗೌರವಿಸಿದವರಲ್ಲ. ಎಚ್ಚರವೇ ಅರಿವು, ನಿದ್ದೆಯೆಂದರೆ ಮರೆವು ಎಂದು ಗುರುಮಠದ ತರಗತಿಗಳಲ್ಲಿ ನಾವು ಕಲಿತದ್ದುಂಟು. ಆದರೆ ತಿಂಗಳು ತುಂಬದ ಕೂಸನ್ನು ಮಡಿಲಲ್ಲಿಟ್ಟುಕೊಂಡು ನಡುರಾತ್ರಿ ಗೋಡೆಗೊರಗಿ ಕುಳಿತ ತಾಯಿಗೆ ಎರಡು ತಾಸಿನ ನಿದ್ದೆ ದೊಡ್ಡ ವರದಾನವೇ ಸರಿ. ಇದನ್ನು ನನಗೆ ಕಲಿಸಿದ್ದು ಗ್ರಂಥವಲ್ಲ, ಇಳಕಲ್ಲಿನ ಒಂದು ನೇಕಾರರ ಮನೆ.

ಕೆಲವು ವರ್ಷಗಳ ಹಿಂದೆ ಮನೆಗಳನ್ನು ಆಶೀರ್ವದಿಸುತ್ತ ಆ ಮನೆಗೆ ಹೋಗಿದ್ದೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಗಂಡ ಸೀರೆ ನೇಯುತ್ತಿದ್ದ. ಒಳಕೋಣೆಯಲ್ಲಿ ಚೊಚ್ಚಲ ಬಾಣಂತಿ, ಮೂರು ವಾರದ ಕೂಸು. ಆಕೆಯ ಕಣ್ಣುಗಳು ಕೆಂಪಾಗಿದ್ದವು. "ರಾತ್ರಿ ನಾಕೈದು ಸಲ ಏಳತೇನ್ರಿ ಫಾದರ್. ಹಾಲು ಸಾಲವಲ್ದು ಅಂತಾರ ಮನ್ಯಾಗ. ಒಮ್ಮೊಮ್ಮೆ ಕೂಸು ಅತ್ತರ ಸಿಟ್ಟು ಬರತೈತ್ರಿ" ಎಂದಳು. ತಾಯ್ತನವೆಂದರೆ ತ್ಯಾಗ, ನಿನ್ನ ಆಯಾಸವನ್ನು ದೇವರಿಗೆ ಒಪ್ಪಿಸು ಎಂದು ಉಪದೇಶಿಸಿ ನಾನು ಹೊರಬಂದೆ. ಅವಳು ಮಾತಿಲ್ಲದೆ ತಲೆಯಾಡಿಸಿದಳು. ಹತ್ತು ದಿನಗಳಲ್ಲಿ ಕೂಸು ಆಸ್ಪತ್ರೆ ಸೇರಿತ್ತು. 'ಸಾಲದ' ಹಾಲಿಗೆ ಪೂರಕವೆಂದು ಮನೆಯವರು ಶೀಶೆಯಲ್ಲಿ ಹಸುವಿನ ಹಾಲು ಕುಡಿಸಿದ್ದರು, ವಾಂತಿಭೇದಿ ಹತ್ತಿತ್ತು. ದೇವರ ದಯೆಯಿಂದ ಕೂಸು ಉಳಿಯಿತು. ನನ್ನ ಉಪದೇಶ ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಅಂದು ಆಸ್ಪತ್ರೆಯ ದಾದಿಯೊಬ್ಬರು ತಿಳಿಸಿದ ಸಂಗತಿಗಳನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕು. ನವಜಾತ ಶಿಶುವಿನ ಹೊಟ್ಟೆ ಬಹಳ ಚಿಕ್ಕದು. ತಾಯಿಯ ಹಾಲು ಬೇಗ ಜೀರ್ಣವಾಗುತ್ತದೆ. ಆದ್ದರಿಂದ ಹಗಲಿರುಳು ಸೇರಿ 8ರಿಂದ 12 ಸಲ ಹಾಲು ಕೇಳುವುದು ಅದರ ಸಹಜ ಧರ್ಮ. ಹಗಲು ಯಾವುದು, ರಾತ್ರಿ ಯಾವುದು ಎಂಬ ಲಯ ಅದರ ದೇಹಕ್ಕೆ ಕೂಡಿಬರಲು ಎರಡು ಮೂರು ತಿಂಗಳುಗಳೇ ಬೇಕು. ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ತಾಯಿಯ ದೇಹದಲ್ಲಿ ರಾತ್ರಿಯ ಹೊತ್ತಿನಲ್ಲೇ ಹೆಚ್ಚು. ಆರಂಭದ ವಾರಗಳಲ್ಲಿ ರಾತ್ರಿ ಕುಡಿಸುವುದನ್ನು ತಪ್ಪಿಸಿದರೆ ಹಗಲಿನ ಹಾಲೂ ಇಳಿಯತೊಡಗುತ್ತದೆ. ಹೀಗಿರುವಾಗ ಕೂಸು ಪದೇ ಪದೇ ಏಳುವುದನ್ನು ಹಾಲಿನ ಕೊರತೆಯೆಂದು ಭಾವಿಸುವುದು ಎಂಥ ಪ್ರಮಾದ! ಮೊದಲ ವಾರದ ಅನಂತರ ಕೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆಯೆಂದೇ ಅರ್ಥ. ಆರು ತಿಂಗಳು ತುಂಬುವವರೆಗೆ ನೀರು, ಜೇನು, ಸಕ್ಕರೆ ನೀರು ಯಾವುದೂ ಬೇಡ. ಜೇನು ವರ್ಷ ತುಂಬುವವರೆಗೂ ಅಪಾಯಕರ.

ಹಾಗಾದರೆ ತಾಯಿ ನಿದ್ದೆಗೆಡುವುದು ಅನಿವಾರ್ಯವೆಂದು ಸುಮ್ಮನಾಗಬೇಕೆ? ಇಲ್ಲಿಯೇ ವಿವೇಕ ಬೇಕು. ಹಾಲು ಕೊಡುವುದು ತಾಯಿಗೆ ಮಾತ್ರ ಸಾಧ್ಯ. ಉಳಿದುದೆಲ್ಲ ಯಾರಿಗಾದರೂ ಸಾಧ್ಯ. ಅಳುವ ಕೂಸನ್ನು ಎತ್ತಿ ತಾಯಿಯ ಮಗ್ಗುಲಿಗೆ ಕೊಡುವುದು, ಕುಡಿದ ಮೇಲೆ ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಿಸುವುದು, ತೂಗಿ ಮಲಗಿಸುವುದು, ತಾಯಿಗೆ ಒಂದು ತಂಬಿಗೆ ನೀರು ತಂದುಕೊಡುವುದು, ಇವುಗಳಲ್ಲಿ ಗಂಡಸಿನಿಂದ ಆಗದ ಕೆಲಸ ಯಾವುದು? ಇಳಕಲ್ ಸೀರೆಯನ್ನೇ ನೋಡಿರಿ. ಮಗ್ಗದಲ್ಲಿ ಕೂರುವವನು ಒಬ್ಬನಾದರೂ ನೂಲು ಸುತ್ತಲು, ಹಾಸು ಸಿದ್ಧಪಡಿಸಲು ಮನೆಮಂದಿಯೆಲ್ಲ ಕೈಗೂಡಿಸುತ್ತಾರೆ. ಒಡಲಿನ ಎಳೆಗೆ ಸೆರಗಿನ ಎಳೆ ಸೇರಿದಾಗಲೇ ಸೀರೆ. ನೇಯ್ಗೆಯಲ್ಲಿ ಅರಿತ ಈ ಸತ್ಯವನ್ನು ಕೂಸಿನ ಪಾಲನೆಯಲ್ಲಿ ಮರೆಯುವುದೇಕೆ?

ನಮ್ಮ ಹಿರಿಯರು ಇದನ್ನು ಮರೆತಿರಲಿಲ್ಲ. ತವರಿನ ಬಾಣಂತನ, ಬೆಚ್ಚನೆಯ ಹೊರಸು, ಅಂಟಿನುಂಡಿ, ಅಳ್ವಿ ಪಾಯಸ, ನಡುರಾತ್ರಿ ಕೂಸನ್ನು ಎತ್ತಿಕೊಳ್ಳುವ ಅಜ್ಜಿ, ಇವೆಲ್ಲ ತಾಯಿಯೊಬ್ಬಳೇ ದಣಿಯಬಾರದೆಂದು ಸಮಾಜ ಕಟ್ಟಿಕೊಂಡ ಏರ್ಪಾಡು. ಇಂದು ಅದು ಸಡಿಲವಾಗಿದೆ. ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗಳಿಂದ ದುಡಿಮೆಗಾಗಿ ಗೋವೆಗೆ, ಮಂಗಳೂರಿಗೆ ಹೋದ ಕುಟುಂಬಗಳಲ್ಲಿ ಬಾಣಂತಿಗೆ ಜತೆಯಿರುವವರೇ ಇಲ್ಲ. ಬಾಗಲಕೋಟೆಯ ನವನಗರದ ಮನೆಗಳಲ್ಲಿ ಬೆಳಿಗ್ಗೆ ಆಫೀಸಿದೆಯೆಂದು ಪತಿರಾಯರು ಬೇರೆ ಕೋಣೆಯಲ್ಲಿ ಮಲಗುವುದುಂಟು. 2017ರ ತಿದ್ದುಪಡಿಯಿಂದ ನೌಕರಿಯಲ್ಲಿರುವ ತಾಯಂದಿರಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ದೊರೆಯಿತು, ನಿಜ. ಆದರೆ ಮಗ್ಗದ ಮನೆಗೂ ಹೊಲಕ್ಕೂ ಆ ರಜೆ ತಲುಪಿಲ್ಲ.

ಪವಿತ್ರ ಕುಟುಂಬವನ್ನು ನೆನೆಯಿರಿ. ಹೆರೋದನ ಭಯವಿದ್ದಾಗ ರಾತ್ರಿಯಲ್ಲಿ ಎದ್ದು ತಾಯಿಮಗುವನ್ನು ಕರೆದುಕೊಂಡು ಹೊರಟವರು ಸಂತ ಜೋಸೆಫರು. ತುಂಬು ಗರ್ಭಿಣಿ ಎಲಿಜಬೇತಳ ಮನೆಯಲ್ಲಿ ಸುಮಾರು ಮೂರು ತಿಂಗಳು ಉಳಿದವರು ಮಾತೆ ಮರಿಯಮ್ಮನವರು. 1995ರ ಮೇ ತಿಂಗಳಲ್ಲಿ ಸ್ತನ್ಯಪಾನವನ್ನು ಕುರಿತ ವಿಜ್ಞಾನಿಗಳ ಸಭೆಯನ್ನು ಉದ್ದೇಶಿಸಿ ಮಾತನಾಡಿದ ಪೋಪ್ ಎರಡನೆಯ ಜಾನ್ ಪಾಲ್ ಅವರೂ ತಾಯಂದಿರಿಗೆ ಸಮಯ, ತಿಳಿವಳಿಕೆ ಮತ್ತು ಆಸರೆ ಬೇಕೆಂದರು. ತ್ಯಾಗವನ್ನು ಹೊಗಳುವುದು ಸುಲಭ. ಅದರ ಭಾರಕ್ಕೆ ಹೆಗಲು ಕೊಡುವುದೇ ಪ್ರೀತಿ.

ಇನ್ನು ಕೆಲವು ಎಚ್ಚರಿಕೆಯ ಮಾತುಗಳು. ಕೂಸು ಬಾಯಿ ಹೊರಳಿಸಿ ಕೈ ಚೀಪತೊಡಗಿದಾಗಲೇ ಹಾಲು ಕೊಡಿರಿ. ಅಳು ಹಸಿವಿನ ಕೊನೆಯ ಸೂಚನೆ. ರಾತ್ರಿ ಮಂದ ಬೆಳಕು ಸಾಕು, ಹೆಚ್ಚು ಮಾತು ಬೇಡ. ಕೂಸನ್ನು ಅಂಗಾತ, ಗಟ್ಟಿಯಾದ ಹಾಸಿಗೆಯ ಮೇಲೆ ಮಲಗಿಸಿರಿ. ದಿಂಬು, ದಪ್ಪ ಕೌದಿ ಮುಖದ ಬಳಿ ಇರಬಾರದು. ಕುರ್ಚಿ, ಸೋಫಾಗಳಲ್ಲಿ ಕೂಸಿನೊಂದಿಗೆ ತೂಕಡಿಸುವುದು ಅಪಾಯ. ಮದ್ಯ ಸೇವಿಸಿದವರೂ ಬೀಡಿ ಸಿಗರೇಟು ಸೇದುವವರೂ ಕೂಸಿನ ಮಗ್ಗುಲಲ್ಲಿ ಮಲಗಲೇಬಾರದು. ಹಗಲು ಕೂಸು ಮಲಗಿದಾಗ ತಾಯಿಯೂ ಮಲಗಲಿ. ಪಾತ್ರೆ ಕಾಯುತ್ತವೆ, ನೋಡಲು ಬಂದ ನೆಂಟರೂ ಕಾಯಲಿ. ಕೂಸು ಮಂಕಾಗಿ ಹಾಲೇ ಕುಡಿಯದಿದ್ದರೆ, ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಹಲವು ಸಲ ಮನೆಗೆ ಬರುತ್ತಾರೆ. ಸಂಕೋಚವಿಲ್ಲದೆ ಅವರನ್ನು ಕೇಳಿರಿ.

ತಾಯಿಯ ಮನಸ್ಸನ್ನೂ ಗಮನಿಸಿರಿ. ಮೊದಲ ದಿನಗಳ ಅಳು, ಬೇಸರ ಅನೇಕರಿಗೆ ಸಹಜ. ಅದು ಎರಡು ವಾರ ಮೀರಿದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಅದು ಭಕ್ತಿಯ ಕೊರತೆಯಲ್ಲ, ಕಾಯಿಲೆ, ಅದಕ್ಕೆ ಚಿಕಿತ್ಸೆಯುಂಟು. ತನಗೋ ಕೂಸಿಗೋ ಕೇಡು ಮಾಡಿಕೊಳ್ಳುವ ಯೋಚನೆ ಸುಳಿದರಂತೂ ಒಂದು ದಿನವೂ ಕಾಯದೆ ವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಲಭ್ಯ. ಆ ದಿನ ಬಾಣಂತಿ ಸಿಟ್ಟಿನ ಮಾತನ್ನು ಹೇಳಿದಾಗ ನಾನು ಕೇಳಿಸಿಕೊಳ್ಳಬೇಕಾಗಿದ್ದುದು ಇದನ್ನೇ.

ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಗೆ ಮತ್ತೆ ಹೋದೆ. ಈ ಸಲ ತಾಯಿಗೆ ಉಪದೇಶವಿಲ್ಲ; ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಮಾತನಾಡಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, "ನಾನೂ ಏಳತೇನ್ರಿ" ಎಂದ. ತಿಂಗಳ ಬಳಿಕ ಭಾನುವಾರದ ಪೂಜೆಗೆ ಮೂವರೂ ಬಂದಿದ್ದರು. ಪ್ರಬೋಧನೆಯ ನಡುವೆ ಆತ ತೂಕಡಿಸುತ್ತಿದ್ದ. ಪಕ್ಕದಲ್ಲಿ ಹೆಂಡತಿ ಎಚ್ಚರವಾಗಿ ಕುಳಿತಿದ್ದಳು. ನನ್ನ ಪ್ರಬೋಧನೆಗೆ ಯಾರಾದರೂ ತೂಕಡಿಸಿದ್ದನ್ನು ಕಂಡು ನಾನು ಸಂತೋಷಪಟ್ಟದ್ದು ಅದೊಂದೇ ಸಲ.