ತಾರಸಿಯ ಮೇಲಿನ ಚಿಲ್ಲರ್ ಏಕೆ ನಿಲ್ಲುತ್ತದೆ

ಆಸ್ಪತ್ರೆ, ಮಾಲ್, ಹೋಟೆಲ್ ಮತ್ತು ಸಾಫ್ಟ್‌ವೇರ್ ಕಚೇರಿಗಳ ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಚಿಲ್ಲರ್ ಎಂಬ ಯಂತ್ರ ಮನೆಯ ಏಸಿಯಂತೆ ಕೋಣೆಯ ಗಾಳಿಯನ್ನು ನೇರವಾಗಿ ತಣಿಸುವುದಿಲ್ಲ. ಅದು ತಣಿಸುವುದು ನೀರನ್ನು. ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಬಂದ ನೀರು 7 ಡಿಗ್ರಿಗೆ ಇಳಿದು, ಪಂಪುಗಳ ಮೂಲಕ ಪ್ರತಿ ಅಂತಸ್ತಿನ ಏರ್ ಹ್ಯಾಂಡ್ಲಿಂಗ್ ಯೂನಿಟ್‌ಗಳಿಗೆ, ಅಂದರೆ ತಣ್ಣೀರಿನ ಕೊಳವೆಗಳ ಮೇಲೆ ಗಾಳಿ ಹಾಯಿಸುವ ದೊಡ್ಡ ಪೆಟ್ಟಿಗೆಗಳಿಗೆ ಹರಿದು, ಅಲ್ಲಿನ ಶಾಖವನ್ನು ಹೊತ್ತು ಮರಳುತ್ತದೆ. ಹೀಗೆ ಹೊತ್ತು ತಂದ ಶಾಖವನ್ನು ಕೂಲಿಂಗ್ ಟವರಿನ ನೀರಿಗೆ ಕೊಡುವ ಚಿಲ್ಲರ್‌ಗಳು ಒಂದು ಬಗೆಯಾದರೆ, ಫ್ಯಾನುಗಳ ಸಹಾಯದಿಂದ ನೇರವಾಗಿ ಹೊರಗಾಳಿಗೆ ಬಿಡುವ ಏರ್‌ಕೂಲ್ಡ್ ಚಿಲ್ಲರ್‌ಗಳು ಇನ್ನೊಂದು ಬಗೆ. ಎರಡನೆಯ ಬಗೆ ವಿದ್ಯುತ್ತನ್ನು ಹೆಚ್ಚು ಬೇಡುತ್ತದೆಯಾದರೂ ನೀರನ್ನು ಆವಿ ಮಾಡುವುದಿಲ್ಲ. ಒಂದು ಟನ್ ತಂಪಿಗೆ, ಅಂದರೆ ಸುಮಾರು 3.5 ಕಿಲೋವಾಟ್ ಶಾಖವನ್ನು ಹೊರತೆಗೆಯುವ ಕೆಲಸಕ್ಕೆ, ಕೂಲಿಂಗ್ ಟವರಿನಲ್ಲಿ ಗಂಟೆಗೆ ಐದಾರು ಲೀಟರ್ ನೀರು ಆವಿಯಾಗಿ ಹೋಗುವುದರಿಂದ, ಬೇಸಿಗೆಯಲ್ಲಿ ಟ್ಯಾಂಕರ್ ನೀರನ್ನು ನಂಬಿಕೊಂಡಿರುವ ಬೆಂಗಳೂರಿನಂಥ ಊರಿನಲ್ಲಿ ಏರ್‌ಕೂಲ್ಡ್ ಚಿಲ್ಲರ್‌ಗೆ ಬೆಲೆ ಇರುವುದು ಸಹಜ.

ಯಂತ್ರದೊಳಗಿನ ಕೆಲಸ ಫ್ರಿಜ್ಜಿನಲ್ಲಿ ನಡೆಯುವ ಕೆಲಸವೇ, ಗಾತ್ರವಷ್ಟೇ ಬೇರೆ. ಮೆಕ್ಯಾನಿಕ್‌ಗಳು ಸರಳವಾಗಿ ಗ್ಯಾಸ್ ಎಂದು ಕರೆಯುವ ಶೀತಕ ದ್ರವ ಇವ್ಯಾಪೊರೇಟರ್ ಎಂಬ ಭಾಗದಲ್ಲಿ ಕಡಿಮೆ ಒತ್ತಡದಲ್ಲಿ ಕುದಿದು, ನೀರಿನ ಶಾಖವನ್ನು ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಅದರ ಒತ್ತಡವನ್ನೂ ಉಷ್ಣತೆಯನ್ನೂ ಏರಿಸುತ್ತದೆ. ಕಂಡೆನ್ಸರಿನ ಕಾಯಿಲ್‌ಗಳಲ್ಲಿ ಅದು ಶಾಖವನ್ನು ಹೊರಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಎಕ್ಸ್‌ಪಾನ್ಶನ್ ವಾಲ್ವ್ ಎಂಬ ಕಿರಿದಾದ ಕಿಂಡಿಯನ್ನು ಹಾಯುವಾಗ ಒತ್ತಡ ಕುಸಿದು ಪುನಃ ಕುದಿಯಲು ಸಿದ್ಧವಾಗುತ್ತದೆ. ಆವಿಯೂ ದ್ರವವೂ ಒಟ್ಟಿಗಿರುವಲ್ಲಿ ಪ್ರತಿ ಶೀತಕಕ್ಕೂ ಒತ್ತಡ ಮತ್ತು ಉಷ್ಣತೆಯ ನಡುವೆ ಕಟ್ಟುನಿಟ್ಟಾದ ಸಂಬಂಧವಿದ್ದು, ಆರ್-134ಎ ಎಂಬ ಬಹುಬಳಕೆಯ ಶೀತಕ 4 ಡಿಗ್ರಿಯಲ್ಲಿ ಗೇಜಿನ ಮೇಲೆ ಸುಮಾರು 2.4 ಬಾರ್, 50 ಡಿಗ್ರಿಯಲ್ಲಿ ಸುಮಾರು 12.2 ಬಾರ್ ತೋರಿಸುತ್ತದೆ. ಆದ್ದರಿಂದ ಗೇಜನ್ನು ಓದಬಲ್ಲವನಿಗೆ ಒತ್ತಡದ ಅಂಕಿಯಲ್ಲಿಯೇ ಒಳಗಿನ ಉಷ್ಣತೆಯೂ ಕಾಣುತ್ತದೆ.

ಚಿಲ್ಲರ್ ನಿಂತಾಗ ಪ್ಯಾನೆಲ್‌ನ ಪರದೆಯ ಮೇಲೆ ಹೈ ಪ್ರೆಶರ್, ಲೋ ಪ್ರೆಶರ್, ಫ್ರೀಜ್, ಫ್ಲೋ, ಓವರ್‌ಲೋಡ್ ಮುಂತಾದ ಯಾವುದೋ ಒಂದು ಪದ ಮಿನುಗುತ್ತದೆ. ಅದು ಯಾವ ರಕ್ಷಣಾ ಸ್ವಿಚ್ ಯಂತ್ರವನ್ನು ನಿಲ್ಲಿಸಿತು ಎಂಬುದನ್ನು ಹೇಳುತ್ತದೆಯೇ ಹೊರತು ಏಕೆ ನಿಲ್ಲಿಸಬೇಕಾಯಿತು ಎಂಬುದನ್ನಲ್ಲ. ಒಂದೇ ಪದದ ಹಿಂದೆ ಒಂದಕ್ಕೊಂದು ವಿರುದ್ಧವಾದ ಕಾರಣಗಳೂ ಇರಬಹುದು. ನಿರ್ವಹಣೆಯ ಹೆಸರಿನಲ್ಲಿ ನಡೆಯುವ ಬಹುಪಾಲು ನಷ್ಟಕ್ಕೆ ಈ ವ್ಯತ್ಯಾಸವನ್ನು ಮರೆತು ರೀಸೆಟ್ ಒತ್ತುವುದೇ ಮೂಲವೆನ್ನಬೇಕು.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಹೈ ಪ್ರೆಶರ್ ಟ್ರಿಪ್. ಕಂಡೆನ್ಸರ್ ಶಾಖವನ್ನು ಬಿಡಲಾರದೆ ಹೋದಾಗ ಒಳಗಿನ ಒತ್ತಡ ಏರುತ್ತಾ ಹೋಗಿ, ತಯಾರಕರು ನಿಗದಿಪಡಿಸಿದ ಮಿತಿಯಲ್ಲಿ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಆರೋಗ್ಯವಾಗಿರುವ ಯಂತ್ರದಲ್ಲಿ ಶೀತಕ ದ್ರವವಾಗುವ ಉಷ್ಣತೆ ಹೊರಗಾಳಿಗಿಂತ ಸುಮಾರು 12ರಿಂದ 15 ಡಿಗ್ರಿ ಮೇಲಿರುತ್ತದೆ. ಅಂದರೆ ಗಾಳಿ 35 ಡಿಗ್ರಿ ಇದ್ದಾಗ ಗೇಜು 47ರಿಂದ 50 ಡಿಗ್ರಿಗೆ ಸಮನಾದ ಒತ್ತಡವನ್ನು ತೋರಿಸಿದರೆ ಚಿಂತೆಯಿಲ್ಲ, ಅದೇ ಗಾಳಿಯಲ್ಲಿ 58 ತೋರಿಸಿದರೆ ಎಲ್ಲೋ ಅಡ್ಡಿಯಿದೆ. ಟ್ರಿಪ್ ಆಗುವವರೆಗೆ ಕಾಯಬೇಕಾಗಿಲ್ಲ. ಈ ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ಕಂಪ್ರೆಸರ್ ಎಳೆಯುವ ವಿದ್ಯುತ್ತು ಸುಮಾರು ಶೇಕಡಾ 2ರಿಂದ 3ರಷ್ಟು ಹೆಚ್ಚುವುದರಿಂದ, ವಿದ್ಯುತ್ ಬಿಲ್ಲು ಪ್ಯಾನೆಲ್‌ಗಿಂತ ಎಷ್ಟೋ ವಾರ ಮೊದಲೇ ಸುದ್ದಿ ಕೊಟ್ಟಿರುತ್ತದೆ.

ಅಡ್ಡಿಗಳಲ್ಲಿ ಮೊದಲನೆಯದು ಕೊಳೆ. ಪಕ್ಕದ ನಿವೇಶನದ ಸಿಮೆಂಟ್ ಧೂಳು, ಬೂರುಗದ ಹತ್ತಿ, ಪಾರಿವಾಳದ ಪುಕ್ಕ, ಅಡುಗೆಮನೆಯ ಚಿಮಣಿಯಿಂದ ಬಂದ ಜಿಡ್ಡು ಇವೆಲ್ಲ ಫಿನ್‌ಗಳ, ಅಂದರೆ ತಾಮ್ರದ ಕೊಳವೆಗಳಿಗೆ ಹೊದಿಸಿದ ತೆಳು ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಸೇರಿ ಗಾಳಿಯ ದಾರಿಯನ್ನು ಮುಚ್ಚುತ್ತವೆ. ತೊಳೆಯುವುದಕ್ಕೂ ಕ್ರಮವಿದೆ: ಗಾಳಿ ಬರುವ ದಿಕ್ಕಿಗೆ ಎದುರಾಗಿ, ಒಳಗಿನಿಂದ ಹೊರಕ್ಕೆ, ಮಂದವಾದ ಒತ್ತಡದ ನೀರಿನಲ್ಲಿ ತೊಳೆಯಬೇಕು. ಹೊರಗಿನಿಂದ ಜೋರಾಗಿ ನೀರು ಹಾಯಿಸಿದರೆ ಕೊಳೆ ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ, ಫಿನ್‌ಗಳು ಮಡಚಿಕೊಂಡು ಮುಂಚಿಗಿಂತ ಕೆಟ್ಟ ಸ್ಥಿತಿಯಾಗುತ್ತದೆ. ಆಮ್ಲದ ಕ್ಲೀನರ್‌ಗಳು ಅಲ್ಯೂಮಿನಿಯಂ ಅನ್ನೇ ತಿನ್ನುತ್ತವೆ. ಮಂಗಳೂರು, ಕಾರವಾರದಂಥ ಕಡಲ ಬದಿಯ ಊರುಗಳಲ್ಲಿ ತೊಂದರೆ ಬೇರೊಂದು ರೂಪದಲ್ಲಿ ಬರುತ್ತದೆ. ಉಪ್ಪಿನ ತೇವದಲ್ಲಿ ತಾಮ್ರವೂ ಅಲ್ಯೂಮಿನಿಯಮ್ಮೂ ಕೂಡುವ ಜಾಗ ಸವೆದು, ಕಾಯಿಲ್ ನೋಡಲು ಸ್ವಚ್ಛವಾಗಿದ್ದರೂ ಫಿನ್‌ಗೂ ಕೊಳವೆಗೂ ಇದ್ದ ಬಿಗಿ ತಪ್ಪಿಹೋಗಿರುತ್ತದೆ. ಅಂಥ ಕಾಯಿಲನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಸಂರಕ್ಷಕ ಲೇಪವಿರುವ ಹೊಸ ಕಾಯಿಲ್ ಹಾಕುವುದೇ ದಾರಿ.

ಎರಡನೆಯ ಅಡ್ಡಿ ಯಂತ್ರದೊಳಗಲ್ಲ, ಸುತ್ತಲಿನ ಕಟ್ಟಡದಲ್ಲಿದೆ. ಮೇಲಕ್ಕೆ ಉಗುಳಿದ ಬಿಸಿಗಾಳಿ ಎತ್ತರದ ಪ್ಯಾರಪೆಟ್ ಗೋಡೆಗೋ ಜಾಹೀರಾತು ಫಲಕಕ್ಕೋ ಸದ್ದು ತಡೆಯಲು ಕಟ್ಟಿದ ಮರೆಗೋ ತಾಗಿ ಕೆಳಗಿಳಿದು ಮತ್ತೆ ಕಾಯಿಲಿಗೇ ಸೇರಿದರೆ, ಹವಾಮಾನ ವರದಿಯ 35 ಡಿಗ್ರಿ ಚಿಲ್ಲರಿನ ಪಾಲಿಗೆ 42 ಆಗಿಬಿಡುತ್ತದೆ. ತಾರಸಿಯ ಅಂದಕ್ಕಾಗಿ ಯಂತ್ರವನ್ನು ನಾಲ್ಕೂ ಕಡೆ ಮುಚ್ಚುವ ವಾಸ್ತುಶಿಲ್ಪಿಗಳು ಅದರ ಬೆಲೆಯನ್ನು ಮಾಲೀಕರಿಂದ ವರ್ಷಗಟ್ಟಲೆ ಕಟ್ಟಿಸುತ್ತಾರೆ ಎಂದರೆ ತಪ್ಪಾಗದು. ಕಾಯಿಲಿನ ಮುಂದೆಯೇ ಒಂದು ಥರ್ಮಾಮೀಟರ್ ಹಿಡಿದು, ಅಲ್ಲಿಂದ ದೂರದ ನೆರಳಿನಲ್ಲಿ ಇನ್ನೊಂದನ್ನು ಹಿಡಿದು ಹೋಲಿಸಿದರೆ ಈ ದೋಷ ಬಯಲಾಗುತ್ತದೆ. ಇದರೊಂದಿಗೆ ನೆನಪಿಡಬೇಕಾದ್ದು ಎತ್ತರದ ವಿಷಯ: ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ಸುಮಾರು ಶೇಕಡಾ 10ರಷ್ಟು ತೆಳುವಾಗಿರುವುದರಿಂದ, ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಅಷ್ಟರಮಟ್ಟಿಗೆ ಕಡಿಮೆ ಶಾಖವನ್ನು ಒಯ್ಯುತ್ತದೆ.

ಫ್ಯಾನು ಕೆಟ್ಟಿದ್ದರೆ ಕಣ್ಣಿಗೇ ಕಾಣುತ್ತದೆ; ಆದರೆ ನಿಂತ ಫ್ಯಾನಿನ ಬಾಯಿಯಿಂದ ಪಕ್ಕದ ಫ್ಯಾನು ಗಾಳಿಯನ್ನು ಒಳಗೆಳೆದುಕೊಂಡು ಕಾಯಿಲನ್ನು ತಪ್ಪಿಸಿಬಿಡುವುದು, ಮೋಟಾರ್ ಬದಲಿಸಿದ ಮೇಲೆ ಫ್ಯಾನು ಉಲ್ಟಾ ತಿರುಗುವುದು ಅಷ್ಟು ಸುಲಭವಾಗಿ ಗಮನಕ್ಕೆ ಬರುವುದಿಲ್ಲ. ಇವೆಲ್ಲ ಸರಿಯಿದ್ದೂ ಒತ್ತಡ ಇಳಿಯದಿದ್ದರೆ ಗ್ಯಾಸ್ ಹೆಚ್ಚಾಗಿ ತುಂಬಿರಬಹುದು, ಅಥವಾ ಹಿಂದಿನ ರಿಪೇರಿಯಲ್ಲಿ ಒಳಗೆ ಗಾಳಿ ಉಳಿದಿರಬಹುದು. ಗಾಳಿಯನ್ನು ಪತ್ತೆಮಾಡುವ ಹಳೆಯ ಪರೀಕ್ಷೆ ಇಂದಿಗೂ ನಂಬಿಕೆಗೆ ಅರ್ಹ: ಯಂತ್ರವನ್ನು ನಿಲ್ಲಿಸಿ, ಕಾಯಿಲ್ ಹೊರಗಿನ ಉಷ್ಣತೆಗೆ ಬರುವವರೆಗೆ ಬಿಟ್ಟು, ಗೇಜಿನ ಒತ್ತಡವನ್ನು ಆ ಶೀತಕದ ಪಟ್ಟಿಯೊಂದಿಗೆ ಹೋಲಿಸುವುದು. 30 ಡಿಗ್ರಿಯಲ್ಲಿ ಆರ್-134ಎ ಸುಮಾರು 6.7 ಬಾರ್ ತೋರಿಸಬೇಕು. ಎದ್ದುಕಾಣುವಷ್ಟು ಹೆಚ್ಚಿದ್ದರೆ ಆ ಹೆಚ್ಚಿನದು ಗಾಳಿಯದು.

ಲೋ ಪ್ರೆಶರ್ ಟ್ರಿಪ್ ಕಂಡಕೂಡಲೇ ಬಹುತೇಕ ತಾರಸಿಗಳಲ್ಲಿ ಕೇಳಿಬರುವ ಮಾತು ಒಂದೇ: ಗ್ಯಾಸ್ ಕಡಿಮೆಯಾಗಿದೆ, ಟಾಪ್‌ಅಪ್ ಮಾಡಬೇಕು. ಶೀತಕ ಇಂಧನವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ಅದು ಎಷ್ಟು ವರ್ಷ ಓಡಿದರೂ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದಾದರೆ ಸೋರಿದೆ ಎಂದೇ ಅರ್ಥ, ಸೋರಿಕೆಯನ್ನು ಹುಡುಕದೆ ತುಂಬುವುದೆಂದರೆ ಮುಂದಿನ ಬೇಸಿಗೆಯ ಬಿಲ್ಲನ್ನು ಈಗಲೇ ಬರೆದಿಟ್ಟಂತೆ. ಅದಕ್ಕಿಂತ ಮುಖ್ಯವಾದ ಸಂಗತಿ, ಒತ್ತಡ ಕುಸಿಯಲು ಗ್ಯಾಸಿನ ಕೊರತೆ ಕಾರಣವೇ ಆಗಿರಬೇಕಾಗಿಲ್ಲ. ತೇವವನ್ನೂ ಕಸವನ್ನೂ ಹಿಡಿದಿಡುವ ಫಿಲ್ಟರ್ ಡ್ರೈಯರ್ ಕಟ್ಟಿಕೊಂಡಿರಬಹುದು, ಎಕ್ಸ್‌ಪಾನ್ಶನ್ ವಾಲ್ವ್ ಅರ್ಧ ತೆರೆದು ನಿಂತಿರಬಹುದು, ನೀರಿನ ಹರಿವೇ ಕುಗ್ಗಿರಬಹುದು.

ಇವುಗಳನ್ನು ಬೇರ್ಪಡಿಸಲು ಎರಡು ಅಳತೆಗಳು ಬೇಕು. ಇವ್ಯಾಪೊರೇಟರಿನಿಂದ ಹೊರಬರುವ ಆವಿ ತನ್ನ ಕುದಿಯುವ ಉಷ್ಣತೆಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿದೆ ಎಂಬುದು ಸೂಪರ್‌ಹೀಟ್; ಕಂಡೆನ್ಸರಿನಿಂದ ಹೊರಬರುವ ದ್ರವ ತನ್ನ ದ್ರವೀಕರಣದ ಉಷ್ಣತೆಗಿಂತ ಎಷ್ಟು ಡಿಗ್ರಿ ತಣ್ಣಗಾಗಿದೆ ಎಂಬುದು ಸಬ್‌ಕೂಲಿಂಗ್. ಒಂದು ಗೇಜು, ಕೊಳವೆಗೆ ಕಟ್ಟುವ ಒಂದು ಥರ್ಮಾಮೀಟರ್ ಇದ್ದರೆ ಎರಡನ್ನೂ ಲೆಕ್ಕ ಹಾಕಬಹುದು. ಗ್ಯಾಸ್ ನಿಜವಾಗಿಯೂ ಕಡಿಮೆಯಿದ್ದರೆ ಸೂಪರ್‌ಹೀಟ್ ಏರಿ ಸಬ್‌ಕೂಲಿಂಗ್ ಇಳಿದಿರುತ್ತದೆ. ಡ್ರೈಯರ್ ಅಥವಾ ವಾಲ್ವ್ ದಾರಿ ಕಟ್ಟಿದ್ದರೆ ಸೂಪರ್‌ಹೀಟ್ ಏರಿದ್ದರೂ ದ್ರವ ಕಂಡೆನ್ಸರಿನಲ್ಲೇ ನಿಂತಿರುವುದರಿಂದ ಸಬ್‌ಕೂಲಿಂಗ್ ಇಳಿಯುವುದಿಲ್ಲ, ಹಲವೊಮ್ಮೆ ಹೆಚ್ಚೇ ಇರುತ್ತದೆ; ಡ್ರೈಯರಿನ ಎರಡು ತುದಿಗಳನ್ನು ಮುಟ್ಟಿದರೆ ಹೊರಬದಿ ತಣ್ಣಗಿರುವುದೂ ತಿಳಿಯುತ್ತದೆ. ಇಂಥ ಯಂತ್ರಕ್ಕೆ ಮತ್ತಷ್ಟು ಗ್ಯಾಸ್ ತುಂಬಿದರೆ ಲೋ ಪ್ರೆಶರ್ ತೊಂದರೆ ಹೋಗುವ ಬದಲು ಹೈ ಪ್ರೆಶರ್ ತೊಂದರೆಯೂ ಬಂದು ಸೇರಿಕೊಳ್ಳುತ್ತದೆ.

ಸೋರಿಕೆಯ ಜಾಗಕ್ಕೆ ಮೊದಲ ಗುರುತು ಎಣ್ಣೆಯ ಕಲೆ, ಏಕೆಂದರೆ ಗ್ಯಾಸಿನೊಂದಿಗೆ ಸುತ್ತುವ ಕಂಪ್ರೆಸರ್ ಎಣ್ಣೆಯೂ ಅದರೊಂದಿಗೇ ಹೊರಬರುತ್ತದೆ. ಆರ್-407ಸಿಯಂಥ ಮಿಶ್ರ ಶೀತಕಗಳಲ್ಲಿ ಘಟಕಗಳು ಸೋರುವ ಪ್ರಮಾಣ ಬೇರೆ ಬೇರೆಯಾದ್ದರಿಂದ, ಒಳಗೆ ಉಳಿದದ್ದು ಮೂಲದ ಮಿಶ್ರಣವಾಗಿರುವುದಿಲ್ಲ. ದೊಡ್ಡ ಸೋರಿಕೆಯ ನಂತರ ಉಳಿದದ್ದನ್ನು ಸಿಲಿಂಡರಿಗೆ ಎಳೆದುಕೊಂಡು ಹೊಸದಾಗಿ ತೂಕ ಮಾಡಿ ತುಂಬುವುದೇ ಸರಿ. ಎಳೆದುಕೊಳ್ಳದೆ ಗಾಳಿಗೆ ಬಿಡುವುದು ಬೇಜವಾಬ್ದಾರಿ. ಒಂದು ಕಿಲೋ ಆರ್-134ಎ ನೂರು ವರ್ಷಗಳ ಲೆಕ್ಕದಲ್ಲಿ 1430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡಬಲ್ಲದೆಂದು ಲೆಕ್ಕಹಾಕಲಾಗಿದ್ದು, ಇಂಥ ಶೀತಕಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿದೆ.

ನೀರಿನ ಕಡೆಯ ದೋಷಗಳು ಸದ್ದಿಲ್ಲದೆ ಬರುತ್ತವೆ. ಕಟ್ಟಡದ ಶಾಖ ಅಷ್ಟೇ ಇರುವಾಗ ಒಳಬರುವ ಮತ್ತು ಹೊರಹೋಗುವ ನೀರಿನ ಅಂತರ 5 ಡಿಗ್ರಿಯಿಂದ 8ಕ್ಕೆ ಏರಿದರೆ ಹರಿವು ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಕುಗ್ಗಿದೆ ಎಂದು ತಿಳಿಯಬೇಕು. ಪಂಪಿನ ಮುಂದಿನ ಸ್ಟ್ರೈನರ್ ಎಂಬ ಜಾಲರಿ ತುಕ್ಕಿನಿಂದ ತುಂಬಿರುವುದು ಇದಕ್ಕೆ ಸಾಮಾನ್ಯ ಕಾರಣ. ಹರಿವು ಪೂರ್ತಿ ನಿಂತರೆ ಇವ್ಯಾಪೊರೇಟರಿನೊಳಗೆ ನಿಂತ ನೀರು ಬೇಗನೆ ಹೆಪ್ಪುಗಟ್ಟಿ, ಶೇಕಡಾ 9ರಷ್ಟು ಹಿಗ್ಗಿ, ಕೊಳವೆಯನ್ನೋ ತಟ್ಟೆಯನ್ನೋ ಒಡೆಯುತ್ತದೆ. ಆಮೇಲೆ ನೀರು ಗ್ಯಾಸಿನ ದಾರಿಗೆ ನುಗ್ಗಿ ಕಂಪ್ರೆಸರ್‌ವರೆಗೂ ಹೋಗುತ್ತದೆ. ಇದನ್ನು ತಡೆಯಲೆಂದೇ ಫ್ಲೋ ಸ್ವಿಚ್ ಇರುವುದು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದಕ್ಕೆ ತಂತಿಯ ಜಂಪರ್ ಹಾಕಿ ಯಂತ್ರ ಓಡಿಸುವ ಅಭ್ಯಾಸ ಎಲ್ಲ ಅಡ್ಡದಾರಿಗಳಲ್ಲಿ ಅತ್ಯಂತ ದುಬಾರಿಯಾದದ್ದು.

ವಿದ್ಯುತ್ತಿನ ದೋಷಗಳಲ್ಲಿ ಫೇಸ್‌ಗಳ ಅಸಮತೋಲನ ಹೆಚ್ಚು ಗಮನಕ್ಕೆ ಅರ್ಹ. ಮೂರು ಫೇಸ್‌ಗಳ ನಡುವೆ 415, 415, 400 ವೋಲ್ಟ್ ಸಿಕ್ಕಿದರೆ ಸರಾಸರಿಯಿಂದ ವ್ಯತ್ಯಾಸ ಕೇವಲ ಶೇಕಡಾ 2.4, ಆದರೆ ಮೋಟಾರಿನ ಕರೆಂಟಿನಲ್ಲಿ ಅಸಮತೋಲನ ಅದರ ಹಲವು ಪಟ್ಟಾಗಿ, ಸುರುಳಿಗಳು ಹೆಚ್ಚುವರಿಯಾಗಿ ಕಾಯುತ್ತವೆ. ಕೇಬಲ್ ಕೆಲಸದ ನಂತರ ಫೇಸ್‌ಗಳು ಅದಲುಬದಲಾದರೆ ಸ್ಕ್ರೂ ಕಂಪ್ರೆಸರ್ ಹಿಮ್ಮುಖವಾಗಿ ತಿರುಗಿ ಅಲ್ಪ ಕಾಲದಲ್ಲೇ ಹಾಳಾಗಬಲ್ಲದು. ದೀರ್ಘ ವಿದ್ಯುತ್ ಕಡಿತದ ಪರಿಣಾಮ ಇನ್ನೊಂದು ಬಗೆಯದು: ಎಣ್ಣೆಯನ್ನು ಬೆಚ್ಚಗಿಡುವ ಕ್ರ್ಯಾಂಕ್‌ಕೇಸ್ ಹೀಟರ್ ಆರಿದಾಗ ಗ್ಯಾಸ್ ಎಣ್ಣೆಯಲ್ಲಿ ಕರಗುತ್ತದೆ, ಯಂತ್ರ ಶುರುವಾದೊಡನೆ ಅದು ನೊರೆಯಾಗಿ ಉಕ್ಕಿ ಎಣ್ಣೆಯನ್ನೂ ಹೊರಕ್ಕೆ ಒಯ್ದು ಬೇರಿಂಗ್‌ಗಳನ್ನು ಒಣಗಿಸುತ್ತದೆ. ಹೆಚ್ಚಿನ ಕೈಪಿಡಿಗಳು ದೀರ್ಘ ಕಾಲ ನಿಂತ ಯಂತ್ರದ ಹೀಟರನ್ನು 24 ಗಂಟೆ ಮೊದಲೇ ಹಾಕಬೇಕೆನ್ನುವುದು ಇದಕ್ಕಾಗಿ.

ಇಷ್ಟೆಲ್ಲ ಎಚ್ಚರಿಕೆಗಳನ್ನು ರೀಸೆಟ್ ಮಾಡುತ್ತಾ ಹೋದಾಗ ಕೊನೆಗೆ ಸುಡುವುದು ಕಂಪ್ರೆಸರ್. ಸುಟ್ಟ ಮೋಟಾರಿನಿಂದ ಎಣ್ಣೆಯಲ್ಲಿ ಆಮ್ಲ ಹುಟ್ಟುತ್ತದೆ. ಅದನ್ನು ಪರೀಕ್ಷಿಸಿ, ಕೊಳವೆಗಳನ್ನು ಶುದ್ಧಮಾಡಿ, ಡ್ರೈಯರ್ ಬದಲಿಸದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಬೆಸುಗೆ ಹಾಕುವಾಗ ಕೊಳವೆಯೊಳಗೆ ನೈಟ್ರೋಜನ್ ಹಾಯಿಸಬೇಕು, ಇಲ್ಲದಿದ್ದರೆ ತಾಮ್ರದ ಕರಿಹುಡಿ ಎದ್ದು ವಾಲ್ವನ್ನು ಕಟ್ಟುತ್ತದೆ. ಅನಂತರ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗೆ, ಅಂದರೆ ವಾತಾವರಣದ ಸುಮಾರು ಸಾವಿರದ ಐನೂರನೇ ಒಂದು ಭಾಗಕ್ಕೆ ಇಳಿಸಿ, ಪಂಪ್ ನಿಲ್ಲಿಸಿ ಗೇಜನ್ನು ಗಮನಿಸಬೇಕು. ಒತ್ತಡ ತುಸು ಏರಿ ಒಂದು ಮಟ್ಟದಲ್ಲಿ ನಿಂತರೆ ಒಳಗೆ ತೇವ ಉಳಿದಿದೆ, ಪಂಪನ್ನು ಮತ್ತೆ ಓಡಿಸಬೇಕು. ನಿಲ್ಲದೆ ಏರುತ್ತಲೇ ಹೋದರೆ ಎಲ್ಲೋ ಸೋರಿಕೆಯಿದೆ, ಗ್ಯಾಸ್ ಸಿಲಿಂಡರನ್ನು ತೆರೆಯುವ ಹೊತ್ತು ಇನ್ನೂ ಬಂದಿಲ್ಲ.